ಒಂದು ತೋಳಿನ ಹೊಲಿಗೆ ಬಿಚ್ಚುವಷ್ಟರಲ್ಲಿ

ಊರಲ್ಲಿ ಹೊಲಿಸಿ ತಂದಿದ್ದ ಬ್ಲೌಸಿನ ತೋಳು ಎಷ್ಟು ಬಿಗಿ ಇತ್ತೆಂದರೆ, ಕೈ ಎತ್ತಿದರೆ ಹೊಲಿಗೆ ಕಿರ್ ಅನ್ನುತ್ತಿತ್ತು. ಮರುದಿನವೇ ಗೆಳತಿಯ ಮಗಳ ನಾಮಕರಣ. ಶಾರ್ಜಾದ ರೋಲಾದಲ್ಲಿ ನಮ್ಮ ಮನೆ ಹಿಂದಿನ ಗಲ್ಲಿಯಲ್ಲಿ ಪಾಕಿಸ್ತಾನದ ಟೈಲರ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಮಾಸ್ಟರ್‌ಜಿ. ಶುಕ್ರವಾರ ಸಂಜೆ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು ಓಡಿದೆ.

"ಒಳಗೆ ಬಟ್ಟೆ ಬಿಟ್ಟಿದ್ದಾರೆ ಬಾಜಿ, ಆಗುತ್ತೆ. ಕೂತ್ಕೊಳ್ಳಿ" ಅಂದರು. ಅರ್ಧ ಬ್ಲೇಡು ಹಿಡಿದು ಹೊಲಿಗೆ ಬಿಚ್ಚತೊಡಗಿದರು. ಬಾಜಿ ಅಂದರೆ ಅಕ್ಕ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನಾನು ಬಾಜಿಯೇ.

ಮೆಷಿನ್ ಪಕ್ಕ ಇಟ್ಟಿದ್ದ ಫೋನಿನಲ್ಲಿ ಪಂಜಾಬಿ ಹಾಡೊಂದು ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಾಸ್ಟರ್‌ಜಿ ಬಟ್ಟೆಯಿಂದ ಕಣ್ಣು ತೆಗೆಯದೆ "ಮೇಡಂ..." ಅಂದರು.

"ಹೇಳಿ" ಅಂದೆ.

ಅವರು ತಲೆ ಎತ್ತಿ ನಕ್ಕರು. "ನೀವಲ್ಲ ಬಾಜಿ. ಮೇಡಂ. ನೂರ್ ಜಹಾನ್."

ಅವರ ದೇಶದಲ್ಲಿ ಸುಮ್ನೆ 'ಮೇಡಂ' ಅಂದರೆ ಯಾರು ಅಂತ ಬಿಡಿಸಿ ಹೇಳುವುದೇ ಬೇಡವಂತೆ. ನನಗೆ ಗೊತ್ತಾಗಿದ್ದು ಆವತ್ತೇ.

ಹಾಡುಗಾರ್ತಿ ನೂರ್ ಜಹಾನ್ ಹೆಸರು ನನಗೆ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ನಮ್ಮಜ್ಜ ಬೆಳಿಗ್ಗೆ ರೇಡಿಯೋ ಸಿಲೋನ್ ಹಾಕುತ್ತಿದ್ದರು. 'ಆವಾಜ್ ದೇ ಕಹಾಂ ಹೈ' ಬಂದರೆ ಯಾರೂ ಮಾತಾಡುವಂತಿಲ್ಲ, ಮುಗಿಯುವವರೆಗೆ ಚಹಾ ಕೂಡ ಆರಬೇಕು. ಹಾಡು ಮುಗಿದ ಮೇಲೆ ಪ್ರತಿ ಸಲ ಅದೇ ಮಾತು: "ಆಕಿ ಪಾಕಿಸ್ತಾನಕ್ಕ ಹೋದ್ಲು, ಹಾಡೂದನ್ನೂ ಬಿಟ್ಟ್ಲು, ಪಾಪ." ಅಜ್ಜನ ಲೆಕ್ಕದಲ್ಲಿ ನೂರ್ ಜಹಾನ್ 1947ಕ್ಕೆ ಮುಗಿದಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ. ಈ ವಿಷಯ ಮಾಸ್ಟರ್‌ಜಿಗೆ ಹೇಳಿದೆ, ನನ್ನ ಹುಬ್ಬಳ್ಳಿ ಹಿಂದಿಯಲ್ಲಿ.

ಬ್ಲೇಡು ನಿಂತಿತು. "ಬಿಟ್ಟರಾ? ಮೇಡಂ?"

ಅವರ ಊರು ಕಸೂರು. "ಕಸೂರಿ ಮೇಥಿಯ ಕಸೂರಾ?" ಅಂದೆ. ಹೌದಂತೆ. ನಮ್ಮ ಅಡುಗೆಮನೆ ಡಬ್ಬಿಯಲ್ಲಿರುವ ಆ ಒಣಸೊಪ್ಪಿನ ಹೆಸರು ಒಂದು ಊರಿನದು ಅಂತ ನಾನು ಯೋಚಿಸಿಯೇ ಇರಲಿಲ್ಲ. "ನಮ್ಮೂರಿನವು ಮೂರು, ಬಾಜಿ. ಬುಲ್ಲೇ ಶಾಹ್ ದರ್ಗಾ, ಮೇಥಿ, ಮೇಡಂ." 1926ರಲ್ಲಿ ಹಾಡುವವರ ಮನೆಯಲ್ಲಿ ಹುಟ್ಟಿದ ಹುಡುಗಿ. ಹೆಸರು ಅಲ್ಲಾ ವಸಾಯಿ. ಚಿಕ್ಕವಳಿದ್ದಾಗಲೇ ಕಲ್ಕತ್ತಾಕ್ಕೆ ಹೋಗಿ 'ಬೇಬಿ ನೂರ್ ಜಹಾನ್' ಆದಳು.

ಆಮೇಲೆ ಲಾಹೋರಿನ ಪಂಜಾಬಿ ಚಿತ್ರಗಳು. 1942ರಲ್ಲಿ 'ಖಾಂದಾನ್', ಉರ್ದು ಚಿತ್ರ, ಅದರಲ್ಲಿ ಪೂರ್ತಿ ನಾಯಕಿ. ನಾಯಕ ಯಾರು ಗೊತ್ತಾ? ಪ್ರಾಣ್! ನಾನು ಚಿಕ್ಕವಳಿದ್ದಾಗ ತೆರೆ ಮೇಲೆ ಕಂಡರೆ ಹೆದರುತ್ತಿದ್ದ ಅದೇ ಪ್ರಾಣ್. ಹುಡುಗಿ ಅವರಿಗಿಂತ ತುಂಬಾ ಗಿಡ್ಡ. ಕ್ಲೋಸಪ್ ತೆಗೆಯುವಾಗ ಕಾಲಡಿ ಇಟ್ಟಿಗೆ ಇಟ್ಟು ನಿಲ್ಲಿಸುತ್ತಿದ್ದರಂತೆ. ಮಾಸ್ಟರ್‌ಜಿ ಇದನ್ನು ಹೇಳುವಾಗ ಕೈಯಲ್ಲಿದ್ದ ಟೇಪು ನೆಲಕ್ಕೆ ಬಿಟ್ಟು ಎತ್ತರ ಅಳೆದೇ ತೋರಿಸಿದರು. ಅಳತೆ ಅವರ ವೃತ್ತಿ, ಅಲ್ವಾ.

ಆ ಚಿತ್ರದ ನಿರ್ದೇಶಕ ಶೌಕತ್ ಹುಸೇನ್ ರಿಜ್ವಿಯನ್ನೇ ಮದುವೆಯಾದರು. ಮುಂಬೈಗೆ ಬಂದರು. 1946ರಲ್ಲಿ 'ಅನ್‌ಮೋಲ್ ಘಡಿ', ಮರುವರ್ಷ ದಿಲೀಪ್ ಕುಮಾರ್ ಜೊತೆ 'ಜುಗ್ನು'. ಅಲ್ಲಿಗೆ ಅಜ್ಜನ ನೂರ್ ಜಹಾನ್ ಮುಗಿದರು. ಮಾಸ್ಟರ್‌ಜಿಯ ನೂರ್ ಜಹಾನ್ ಶುರುವಾಗುವುದೇ ಅಲ್ಲಿಂದ. ತಮಾಷೆ ಎಂದರೆ 'ಆವಾಜ್ ದೇ' ಲಾಹೋರಿನ ಚಿತ್ರದ್ದು ಅಂತಲೇ ಅವರು ತಿಳಿದಿದ್ದರು. "ಇಲ್ಲ, ಮುಂಬೈದು, 'ಅನ್‌ಮೋಲ್ ಘಡಿ'ಯದು, ನೌಶಾದ್ ಸಂಗೀತ" ಅಂದೆ. ಒಪ್ಪಲಿಲ್ಲ. ಫೋನಿನಲ್ಲಿ ಹುಡುಕಿ ತೋರಿಸಿದ ಮೇಲೆ "ಅಚ್ಛಾ" ಅಂತ ಸುಮ್ಮನಾದರು. ಅಜ್ಜನ ಪರವಾಗಿ ಒಂದು ಅಂಕ ಗೆದ್ದಂತಾಯಿತು.

ಅದಕ್ಕೆ ಸೇಡು ತೀರಿಸುವವರಂತೆ ಒಂದಾದ ಮೇಲೊಂದು ಹೇಳಿದರು. 1951ರ ಪಂಜಾಬಿ 'ಚನ್ ವೇ': ನಟಿಸಿ, ಹಾಡಿ, ನಿರ್ದೇಶನಕ್ಕೂ ಮೇಡಂ ಹೆಸರೇ. ಪಾಕಿಸ್ತಾನದಲ್ಲಿ ನಿರ್ದೇಶಕಿ ಅನ್ನಿಸಿಕೊಂಡ ಮೊದಲ ಹೆಂಗಸು ಅವರೇ. 1952ರಲ್ಲಿ 'ದುಪಟ್ಟಾ'. ಅದರ 'ಚಾಂದನಿ ರಾತೇಂ' ಹಾಕಿ ಫೋನನ್ನು ನನ್ನ ಕೈಗೇ ಕೊಟ್ಟರು. ಪ್ರಿಂಟು ಸವೆದು ಮುಖ ಅರ್ಧ ಮಂಜು. ಆದರೂ ನೋಡುತ್ತಾ ಕೂತೆ. ಇಷ್ಟು ವರ್ಷ ನನಗೆ ಈಕೆ ಬರೀ ರೇಡಿಯೋದಿಂದ ಬರುವ ದನಿ. ಆ ದನಿಗೆ ಕಣ್ಣಿದೆ, ಕಣ್ಣಲ್ಲೇ ಅರ್ಧ ಮಾತು ಮುಗಿಸುತ್ತೆ ಅಂತ ಈಗ ಕಂಡಿತು. ಹಾಡುಗಾರ್ತಿ ಅನ್ನುವ ಹೆಸರಿನ ಕೆಳಗೆ ನಟಿ ಹೂತುಹೋದಳು ಅಂತ ನನಗನ್ನಿಸುತ್ತೆ.

1959ರಲ್ಲಿ ನಟ ಏಜಾಜ್ ದುರ್ರಾನಿಯ ಜೊತೆ ಎರಡನೇ ಮದುವೆ. ಅಲ್ಲಿಂದ ನಟನೆ ಕಡಿಮೆಯಾಗುತ್ತಾ ನಿಂತೇ ಹೋಯಿತು. ಹಾಡು ಮಾತ್ರ ಜಾಸ್ತಿಯಾಯಿತು. 1970ರ 'ಹೀರ್ ರಾಂಝಾ'ದಲ್ಲಿ ರಾಂಝಾ ಏಜಾಜ್, ಹೀರ್ ಆಗಿ ಫಿರ್ದೌಸ್. ತೆರೆಯ ಮೇಲೆ ಗಂಡ ಇನ್ನೊಬ್ಬಳ ಪ್ರಿಯಕರ, ಅವಳ ದನಿ ಮಾತ್ರ ಇವರದು. ಅಂಗಡಿಗೆ ಕಾಲಿಟ್ಟಾಗ ಬರುತ್ತಿದ್ದದ್ದು ಆ ಚಿತ್ರದ 'ಸುಣ್ ವಂಝಲಿ ದಿ ಮಿಠಡಿ ತಾನ್ ವೇ'ಯೇ. ಎಷ್ಟು ಕಷ್ಟವಾಗಿರಬೇಕು ಅಂದೆ. "ಅದು ಕೆಲಸ ಬಾಜಿ" ಅಂದರು ಮಾಸ್ಟರ್‌ಜಿ. "ಯಾರ ಮದುವೆ ಬಟ್ಟೆಯಾದರೂ ನಾನು ಹೊಲಿಯಲ್ವಾ?"

1982ರಲ್ಲಿ ಮೇಡಂ ಮುಂಬೈಗೆ ಬಂದು ಅದೇ 'ಆವಾಜ್ ದೇ' ಹಾಡಿದ್ದರು. ಅಜ್ಜನಿಗೆ ಯಾರೂ ಹೇಳಲಿಲ್ಲ.

2000ದ ಡಿಸೆಂಬರ್ 23ರಂದು ಕರಾಚಿಯಲ್ಲಿ ತೀರಿಕೊಂಡರು. ರಂಜಾನಿನ 27ನೇ ರಾತ್ರಿ. ಅದೇ ರಾತ್ರಿ ಅಲ್ಲೇ ಮಣ್ಣು ಮಾಡಿದರು. "ಪುಣ್ಯದ ರಾತ್ರಿ, ಸರಿ. ಆದ್ರೂ ಕಸೂರಿಗೆ ತರಬೇಕಿತ್ತು." ಇದೊಂದನ್ನು ಹೇಳುವಾಗ ಮಾತ್ರ ಅವರ ದನಿಯಲ್ಲಿ ಸಿಟ್ಟಿತ್ತು.

ಹೊತ್ತಾಗಿತ್ತು. ಬ್ಲೌಸನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದು ಹಾಕಿ ನೋಡಿದೆ. ಬಲಗೈ ಆರಾಮಾಗಿ ಹೋಯಿತು. ಎಡಗೈ ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ಪುಣ್ಯಾತ್ಮ ಒಂದೇ ತೋಳು ಬಿಚ್ಚಿದ್ದರು.

ನಾಮಕರಣಕ್ಕೆ ಬೇರೆ ಸೀರೆ ಉಟ್ಟೆ. ಈ ಶುಕ್ರವಾರ ಇನ್ನೊಂದು ತೋಳಿಗೆ ಹೋಗಬೇಕು. 'ಚನ್ ವೇ' ಹಾಡು ಕೇಳಿಸ್ತೀನಿ ಅಂದಿದ್ದಾರೆ.