ಕ್ಲಿಯರಿಂಗ್ ಫೋನಿನ ಆ ತುದಿಯಲ್ಲಿ ನಾನಿದ್ದೆ

ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಗ್ಗೆ ಏಳೂವರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಒಂದು ವಿಶ್ವವಿದ್ಯಾಲಯದ ದೊಡ್ಡ ಹಾಲಿನಲ್ಲಿ ನಾವು ಹತ್ತಾರು ಜನ ಸಾಲಾಗಿ ಕೂತಿದ್ದೆವು. ಎಲ್ಲರ ಮುಂದೆ ಒಂದೊಂದು ಕಂಪ್ಯೂಟರ್, ತಲೆಗೆ ಹೆಡ್‌ಸೆಟ್. ನಾನಾಗ ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದೆ. ಡಿಗ್ರಿಯ ಉಳಿದ ಸೀಟು ಕೇಳಿ ಬರುವ ಕರೆಗಳನ್ನು ಎತ್ತುವ ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನೂ ತೆಗೆದುಕೊಳ್ಳುತ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು. ಎಂಟು ಹೊಡೆಯಿತು. ಹಾಲಿನ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು.

ನನಗೆ ಬಂದ ಮೊದಲ ಕರೆ ಒಬ್ಬ ತಂದೆಯದು. ಮಗನಿಗೆ ಅಂದುಕೊಂಡಷ್ಟು ಗ್ರೇಡ್ ಬಂದಿಲ್ಲ, ಕಂಪ್ಯೂಟರ್ ಸೈನ್ಸ್ ಸೀಟು ಇದೆಯಾ ಎಂದು ಕೇಳಿದರು. ಮಗ ಪಕ್ಕದಲ್ಲಿದ್ದಾನಾ ಎಂದೆ. ಇದ್ದಾನೆ, ಆದರೆ ಅಳುತ್ತಿದ್ದಾನೆ, ಮಾತಾಡುವ ಸ್ಥಿತಿಯಲ್ಲಿಲ್ಲ ಎಂದರು. ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೇ ವಿದ್ಯಾರ್ಥಿಯ ಜೊತೆಗೇ ಮಾತಾಡಬೇಕು ಎಂದು. ಅವನು ಮುಖ ತೊಳೆದು, ನೀರು ಕುಡಿದು, ಹತ್ತು ನಿಮಿಷ ಬಿಟ್ಟು ತಾನೇ ಫೋನ್ ಮಾಡಲಿ ಎಂದೆ. ಆ ಹುಡುಗನ ಕರೆ ನನ್ನ ಲೈನಿಗೆ ಬರಲಿಲ್ಲ. ಬೇರೆ ಯಾರಿಗೋ ಹೋಗಿರಬಹುದು. ಅವನಿಗೆ ಸೀಟು ಸಿಕ್ಕಿತೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಎರಡು ಆಗಸ್ಟ್ ಆ ಹಾಲಿನಲ್ಲಿ ಕೂತೆ. ಈಗ ಪ್ರತಿ ವರ್ಷ ಜುಲೈ ಬಂದರೆ ಸಾಕು, ತುಮಕೂರಿನ ನೆಂಟರು, ಬೆಂಗಳೂರಿನ ಸ್ನೇಹಿತರು, ಇಲ್ಲಿನ ಕನ್ನಡದ ಮನೆಗಳವರು ಫೋನ್ ಮಾಡುತ್ತಾರೆ. "ಕ್ಲಿಯರಿಂಗ್ ಅಂದ್ರೆ ಏನಮ್ಮಾ, ನಮ್ಮ ಮಗೂಗೆ ಸಿಗುತ್ತಾ?" ಎಲ್ಲರಿಗೂ ಹೇಳಿದ್ದನ್ನು ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ಇಲ್ಲಿ ಡಿಗ್ರಿಗೆ ಅರ್ಜಿ ಹಾಕುವುದು ಯುಕ್ಯಾಸ್ ಎಂಬ ಒಂದೇ ಸಂಸ್ಥೆಯ ಮೂಲಕ. ಐದು ಆಯ್ಕೆ ಕೊಡಬಹುದು. ಬಂದ ಆಫರ್‌ಗಳಲ್ಲಿ ಒಂದನ್ನು ಫರ್ಮ್ (ಮೊದಲ ಆಯ್ಕೆ) ಎಂದೂ ಇನ್ನೊಂದನ್ನು ಇನ್ಶೂರೆನ್ಸ್ (ಅದು ತಪ್ಪಿದರೆ ಇದು) ಎಂದೂ ಇಟ್ಟುಕೊಳ್ಳುತ್ತಾರೆ. ಆಗಸ್ಟ್ ನಡುವಿನಲ್ಲಿ ನಮ್ಮ ಪಿಯುಸಿಯಂಥ ಎ-ಲೆವೆಲ್ ಪರೀಕ್ಷೆಯ ಫಲಿತಾಂಶ ಬರುತ್ತದೆ. ಎರಡೂ ಕೈತಪ್ಪಿದವರು, ಆಫರೇ ಬರದವರು, ಜೂನ್ 30 ದಾಟಿದ ಮೇಲೆ ಅರ್ಜಿ ಹಾಕಿದವರು, ಇವರೆಲ್ಲ ಸೇರುವ ಜಾಗವೇ ಕ್ಲಿಯರಿಂಗ್. ಉಳಿದ ಸೀಟುಗಳನ್ನು ವಿಶ್ವವಿದ್ಯಾಲಯಗಳು ಅಲ್ಲಿ ತುಂಬಿಕೊಳ್ಳುತ್ತವೆ. ಜುಲೈ ಮೊದಲ ವಾರದಲ್ಲಿ ಶುರುವಾಗಿ ಅಕ್ಟೋಬರ್ ತನಕ ನಡೆಯುತ್ತದೆ.

ಸಿಇಟಿ ಸೀಟು ಹಂಚಿಕೆ ನೋಡಿದವರಿಗೆ ಇದು ಕೊನೆಯ ರೌಂಡ್ ಇದ್ದ ಹಾಗೆ ಕಾಣುತ್ತದೆ. ನಮ್ಮಮ್ಮನೂ ಹಾಗೇ ತಿಳಿದಿದ್ದರು. ಆದರೆ ಕೆಇಎಯಲ್ಲಿ ಆಪ್ಷನ್ ಎಂಟ್ರಿ ಮಾಡಿ ಕಾಯುತ್ತೀರಿ, ರ‍್ಯಾಂಕ್ ನೋಡಿ ಸೀಟು ಕೊಡುವುದು ಕಂಪ್ಯೂಟರ್. ಇಲ್ಲಿ ರ‍್ಯಾಂಕೇ ಇಲ್ಲ. ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಸೀಟಿನ ಬಗ್ಗೆ ತಾನೇ ತೀರ್ಮಾನ ಮಾಡುತ್ತದೆ. ಫೋನ್ ಎತ್ತುವವರು ಮನುಷ್ಯರು. ಪೂರ್ತಿ ಗ್ರೇಡ್ ಇಲ್ಲದಿದ್ದರೂ ಓದಬೇಕಾದ ವಿಷಯದಲ್ಲಿ ಚೆನ್ನಾಗಿ ಬಂದಿದ್ದರೆ, ಮಾತಿನಲ್ಲಿ ಆಸಕ್ತಿ ಕಂಡರೆ, "ಒಂದು ನಿಮಿಷ ಇರಿ" ಅಂತ ಹೇಳಿ ನಾವು ವಿಭಾಗದ ಮೇಷ್ಟರಿಗೆ ಲೈನ್ ಕೊಡುತ್ತಿದ್ದೆವು. ಎಷ್ಟೋ ಮಕ್ಕಳಿಗೆ ಸೀಟು ಸಿಕ್ಕಿದ್ದು ಆ ಎರಡನೇ ಮಾತುಕತೆಯಲ್ಲಿ.

ಫಲಿತಾಂಶದ ದಿನ ಗ್ರೇಡ್ ಕಡಿಮೆ ಬಂತು ಎಂದ ಕೂಡಲೇ ಬೇರೆ ಕಡೆ ಫೋನ್ ಮಾಡಬೇಡಿ. ಮೊದಲು ಯುಕ್ಯಾಸ್ ಖಾತೆ ತೆರೆದು ನೋಡಿ. ಒಂದು ಗ್ರೇಡ್ ತಪ್ಪಿದರೂ ಫರ್ಮ್ ಇಟ್ಟ ಕಡೆಯೇ ಸೀಟು ಕೊಟ್ಟಿರುವುದು ಬಹಳ ಉಂಟು. ಖಾತೆಯಲ್ಲಿ ಏನೂ ಬದಲಾಗದಿದ್ದರೆ ಮೊದಲ ಕರೆ ಅವರಿಗೇ ಹೋಗಲಿ. ಒಬ್ಬ ಹುಡುಗಿ ನನ್ನ ಜೊತೆ ಏಳೆಂಟು ನಿಮಿಷ ಮಾತಾಡಿ, ಸೀಟೂ ಸಿಕ್ಕಿ, ಕೊನೆಗೆ ಯುಕ್ಯಾಸ್ ಕೊಟ್ಟ ಪರ್ಸನಲ್ ಐಡಿ ಹಾಕಿ ನೋಡಿದರೆ ಅವಳು ಇನ್ನೂ ಕ್ಲಿಯರಿಂಗ್‌ಗೇ ಬಂದಿರಲಿಲ್ಲ. ಅವಳ ಇನ್ಶೂರೆನ್ಸ್ ಸೀಟು ಖಚಿತವಾಗಿತ್ತು. ಅವಳು ಖಾತೆ ತೆರೆದೇ ನೋಡಿರಲಿಲ್ಲ, ಪಾಪ.

ಫೋನಿನಲ್ಲಿ ನಾವು ಕೇಳುತ್ತಿದ್ದದ್ದು ಕಷ್ಟದ ಪ್ರಶ್ನೆಗಳೇನಲ್ಲ. ಪರ್ಸನಲ್ ಐಡಿ, ಕ್ಲಿಯರಿಂಗ್ ನಂಬರ್, ಈಗಿನ ಗ್ರೇಡ್‌ಗಳು, ಹತ್ತನೇ ತರಗತಿಯ ಮಟ್ಟದ ಇಂಗ್ಲಿಷ್ ಮತ್ತು ಗಣಿತದ ಗ್ರೇಡ್. ಆಮೇಲೆ ಒಂದೇ ಒಂದು ಪ್ರಶ್ನೆ, ಈ ಕೋರ್ಸ್ ಯಾಕೆ? ಇಲ್ಲಿಗೆ ಬಂದಾಗ ಬಹಳ ಮಕ್ಕಳು ತಡವರಿಸುತ್ತಿದ್ದರು. ಬರೆದಿಟ್ಟುಕೊಂಡು ಓದಿದರೆ ನಮಗೆ ಗೊತ್ತಾಗುತ್ತಿತ್ತು. ಚೆನ್ನಾಗಿ ನೆನಪಿರುವುದು ಸಿವಿಲ್ ಎಂಜಿನಿಯರಿಂಗ್ ಕೇಳಿದ ಒಬ್ಬ ಹುಡುಗ. ಅವರ ಊರಿನ ಸೇತುವೆ ಪ್ರವಾಹದಲ್ಲಿ ಮುಚ್ಚಿಹೋಗಿತ್ತಂತೆ. ಆರು ತಿಂಗಳು ಬಸ್ ಸುತ್ತು ಹಾಕಿ ಬರುತ್ತಿತ್ತು, ಆಗ ಸೇತುವೆ ರಿಪೇರಿ ಮಾಡುವುದನ್ನು ದಿನಾ ನಿಂತು ನೋಡುತ್ತಿದ್ದೆ ಎಂದ. ಗಣಿತದಲ್ಲಿ ಒಂದು ಗ್ರೇಡ್ ಕಡಿಮೆ ಇತ್ತು. ಮೇಷ್ಟರ ಜೊತೆ ಮಾತಾಡಿಸಿದೆ. ಸೀಟು ಸಿಕ್ಕಿತು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳ ಪಕ್ಕದಲ್ಲಿ ಕೂತಿರಿ. ಪಟ್ಟಿ ಹಿಡಿದುಕೊಳ್ಳಿ, ಹೆಸರು ಬರೆದುಕೊಳ್ಳಿ, ಕಾಫಿ ಮಾಡಿಕೊಡಿ. ಅರ್ಜಿಯಲ್ಲಿ ನಿಮ್ಮ ಹೆಸರು ಕೊಟ್ಟಿದ್ದರೆ ಮಗುವಿನ ಪರವಾಗಿ ಮಾತಾಡುವ ಹಕ್ಕು ನಿಮಗೂ ಇರುತ್ತದೆ. ಆದರೂ ಫೋನ್ ಮಗುವಿನ ಕೈಯಲ್ಲೇ ಇರಲಿ. ಮೂರು ವರ್ಷ ಓದಬೇಕಾದವರು ಅವರು. ಅವರ ದನಿ ಕೇಳಿದರೇ ನಾವು ಏನಾದರೂ ಮಾಡಲು ಆಗುತ್ತಿದ್ದದ್ದು.

ಇನ್ನು ಭಯದ ವಿಷಯ. ಒಂಬತ್ತು ಗಂಟೆಗೆ ಒಂದು ಕಡೆ "ಕೊಡ್ತೀವಿ" ಅಂದರೆ ಸಾಕು, ಮಕ್ಕಳು ಅದನ್ನೇ ಹಿಡಿದುಬಿಡುತ್ತಾರೆ. ಬಾಯಿಮಾತಿನ ಆಫರ್ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಖಾತೆಯಲ್ಲಿ ಸೇರಿಸುವುದಕ್ಕೆ ಮಾತ್ರ ಒಂದು ಸಲಕ್ಕೆ ಒಂದೇ. ಈಚಿನ ವರ್ಷಗಳಲ್ಲಿ ಫಲಿತಾಂಶದ ದಿನ ಮಧ್ಯಾಹ್ನ 1 ಗಂಟೆಗೆ ಮುಂಚೆ ಅದನ್ನು ಸೇರಿಸಲು ಆಗುವುದೇ ಇಲ್ಲ. ನಮ್ಮೂರಿನ ಲೆಕ್ಕದಲ್ಲಿ ಸಂಜೆ ಐದೂವರೆ. ಅಂದರೆ ಇಡೀ ಬೆಳಗ್ಗೆ ಯೋಚಿಸಲು ಸಮಯ ಇದೆ. ಆಫರ್ ಎಲ್ಲಿಯ ತನಕ ಇರುತ್ತದೆ ಎಂದು ಕೇಳಿ, ಇಮೇಲ್‌ನಲ್ಲಿ ಕಳಿಸಲು ಹೇಳಿ. ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ.

ಕೋರ್ಸಿನ ಪೂರ್ತಿ ಹೆಸರನ್ನು ಕಿವಿಗೊಟ್ಟು ಕೇಳಿ. "ವಿತ್ ಫೌಂಡೇಶನ್ ಇಯರ್" ಅಂತ ಬಾಲ ಇದ್ದರೆ ಒಂದು ವರ್ಷ ಜಾಸ್ತಿ, ಆ ವರ್ಷದ ಫೀಸೂ ಸೇರಿಕೊಳ್ಳುತ್ತದೆ. ಕೆಲವರಿಗೆ ಅದೇ ಒಳ್ಳೆಯ ದಾರಿ, ಆದರೆ ಗೊತ್ತಿದ್ದು ಸೇರಬೇಕು. ಪಾಠ ಯಾವ ಊರಿನ ಕ್ಯಾಂಪಸ್‌ನಲ್ಲಿ ನಡೆಯುತ್ತದೆ ಎಂದೂ ಕೇಳಿ. ಬೇರೆ ಊರಿನ ವಿಶ್ವವಿದ್ಯಾಲಯಗಳೇ ಲಂಡನ್‌ನಲ್ಲಿ ಕ್ಯಾಂಪಸ್ ಇಟ್ಟಿವೆ. ಕ್ಲಿಯರಿಂಗ್‌ನಲ್ಲಿ ಬಂದವರಿಗೆ ಹಾಸ್ಟೆಲ್ ರೂಮು ಖಾತರಿಯಾ ಎಂಬುದು ನನ್ನ ಪ್ರಕಾರ ಫೀಸಿನಷ್ಟೇ ಮುಖ್ಯ. ಸೆಪ್ಟೆಂಬರ್‌ನಲ್ಲಿ ರೂಮಿಲ್ಲದೆ ಬಂದು ಇನ್ನೊಬ್ಬರ ಮನೆಯ ಸೋಫಾ ಮೇಲೆ ಮೂರು ವಾರ ಮಲಗಿದ ಹುಡುಗನನ್ನು ನೋಡಿದ್ದೇನೆ. ಅವನ ಮೊದಲ ಅಸೈನ್‌ಮೆಂಟ್ ಹೇಗಾಗಿರಬೇಕು ಹೇಳಿ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಇದರಲ್ಲಿ ಬರುವುದಿಲ್ಲ. ಮೆಡಿಸಿನ್ ಸೀಟು ಸಿಗುವುದು ಬಹಳ ಅಪರೂಪ. ಆ ಆಸೆಯಲ್ಲಿ ದಿನ ಕಳೆಯಬೇಡಿ. ಎಂಎಸ್ಸಿ, ಎಂಬಿಎ ಸೇರುವವರಿಗೂ ಕ್ಲಿಯರಿಂಗ್‌ಗೂ ಸಂಬಂಧವಿಲ್ಲ. ಅಂಥ ಕೋರ್ಸ್‌ಗಳಿಗೆ ಸಾಮಾನ್ಯವಾಗಿ ನೇರವಾಗಿ ಆಯಾ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಬೇಕು. "ಕ್ಲಿಯರಿಂಗ್ ಸೀಟ್ ಬ್ಲಾಕ್ ಮಾಡಿಸ್ತೀವಿ" ಎಂದು ದುಡ್ಡು ಕೇಳುವವರ ಮಾತು ನಂಬಬೇಡಿ. ಆ ಫೋನ್ ಎತ್ತಿದವಳು ನಾನು, ಅಲ್ಲಿ ಬ್ಲಾಕ್ ಮಾಡುವ ಬಾಗಿಲು ಯಾವುದೂ ಇಲ್ಲ.

ಇಲ್ಲೇ ಇರುವ ನಮ್ಮವರ ಮಕ್ಕಳ ಕತೆ ಬೇರೆ. ನನಗೆ ಗೊತ್ತಿರುವ ಒಂದು ಕುಟುಂಬ ರೆಡಿಂಗ್‌ನಲ್ಲಿದೆ. ಅಪ್ಪ ಐಟಿ ಕೆಲಸಕ್ಕೆ ವರ್ಕ್ ವೀಸಾದಲ್ಲಿ ಬಂದು ನಾಲ್ಕು ವರ್ಷ. ಮಗಳು ಇಲ್ಲೇ ಎ-ಲೆವೆಲ್ ಮಾಡಿದಳು. ಎಲ್ಲ ಗೆಳತಿಯರ ಹಾಗೆ ತನಗೂ ಹೋಮ್ ಫೀಸ್, ಅಂದರೆ ಇಲ್ಲಿನವರಿಗಿರುವ ಕಡಿಮೆ ಫೀಸು ಎಂದುಕೊಂಡಿದ್ದಳು. 2025–26ಕ್ಕೆ ಇಂಗ್ಲೆಂಡಿನಲ್ಲಿ ಅದರ ಮಿತಿ ವರ್ಷಕ್ಕೆ 9,535 ಪೌಂಡ್. ಹೊರದೇಶದವರ ಫೀಸು ಎಂಜಿನಿಯರಿಂಗ್‌ನಂಥ ಕೋರ್ಸ್‌ಗೆ 20,000 ದಾಟುವುದು ಸಾಮಾನ್ಯ. ಮೂರು ವರ್ಷ ಇಲ್ಲಿದ್ದರೆ ಸಾಕು ಎಂಬ ಮಾತು ನಮ್ಮವರಲ್ಲಿ ಓಡಾಡುತ್ತದೆ. ಅದು ಅರ್ಧ ಮಾತ್ರ ನಿಜ. ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಹೊತ್ತಿಗೆ ಕಾಯಂ ವಾಸದ ಅನುಮತಿಯೂ ಕೈಯಲ್ಲಿರಬೇಕು. ಅವರಿಗೆ ಅದಕ್ಕಿನ್ನೂ ಒಂದು ವರ್ಷ ಬಾಕಿ ಇತ್ತು. ಫಲಿತಾಂಶದ ದಿನ ಸೀಟು ಸಿಕ್ಕ ಮೇಲೆ ಇದು ಗೊತ್ತಾಯಿತು. ಆ ಸಂಜೆ ಅವರ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ವೀಸಾದಲ್ಲಿರುವ ಮನೆಯವರು ದಯವಿಟ್ಟು ಮಗು ಹನ್ನೊಂದನೇ ತರಗತಿಯಲ್ಲಿದ್ದಾಗಲೇ ಫೀ ಸ್ಟೇಟಸ್ ವಿಚಾರಿಸಿ.

ಊರಿನಿಂದ ಬರುವವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ನಮ್ಮ ಪಿಯುಸಿ, ಸಿಬಿಎಸ್‌ಇ ಫಲಿತಾಂಶ ಬೇಸಿಗೆಯಲ್ಲೇ ಬಂದಿರುತ್ತದೆ. ಆಗಸ್ಟ್ ನಡುವಿನ ತನಕ ಕಾಯಬೇಕಾದವರು ಇಲ್ಲಿನ ಮಕ್ಕಳು. ಅಂಕಪಟ್ಟಿ ಕೈಯಲ್ಲಿರುವವರು ಜುಲೈ ಮೊದಲ ವಾರವೇ ಫೋನ್ ಮಾಡಬಹುದು. ಆಗ ಲೈನ್ ಖಾಲಿ ಇರುತ್ತದೆ, ಎತ್ತುವವರಿಗೂ ಪುರುಸೊತ್ತು. ನಿಮ್ಮ ಬೋರ್ಡಿಗೆ ಎಷ್ಟು ಶೇಕಡಾ ಕೇಳುತ್ತಾರೆ, ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕ ಸಾಕಾ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬೇಕಾ, ಎಲ್ಲ ನಿಧಾನವಾಗಿ ಕೇಳಿಕೊಳ್ಳಬಹುದು. ಬೋರ್ಡಿನಿಂದ ಬೋರ್ಡಿಗೆ, ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಇದು ಬೇರೆ ಬೇರೆ.

ಇದನ್ನು ನಾನು ಕಲಿತದ್ದು ಅಕ್ಕನ ಮಗಳಿಂದ. ಅವಳು ತುಮಕೂರಿನಲ್ಲಿ ಪಿಯುಸಿ ಮುಗಿಸಿದ್ದಳು. ಸಿಇಟಿಯಲ್ಲಿ ಬೇಕಾದ ಬ್ರಾಂಚ್ ಸಿಗದೆ ಆಗಸ್ಟ್‌ನಲ್ಲಿ ನನಗೆ ಫೋನ್ ಮಾಡಿದಳು. ನಾನೇ ಉತ್ಸಾಹದಿಂದ ಅವಳ ಕೈಲಿ ಕ್ಲಿಯರಿಂಗ್‌ಗೆ ಅರ್ಜಿ ಹಾಕಿಸಿದೆ. ಸೀಟು ಎರಡೇ ದಿನದಲ್ಲಿ ಸಿಕ್ಕಿತು. ವೀಸಾ ನಮ್ಮನ್ನು ಹಿಡಿದು ನಿಲ್ಲಿಸಿತು.

ವಿಶ್ವವಿದ್ಯಾಲಯ ಸಿಎಎಸ್ ಎಂಬ ಪ್ರವೇಶದ ದೃಢೀಕರಣ ಕೊಟ್ಟ ಮೇಲೇ ವೀಸಾ ಅರ್ಜಿ ಹಾಕಲು ಆಗುವುದು, ಅದಕ್ಕೆ ಮೊದಲು ಸಾಮಾನ್ಯವಾಗಿ ಮುಂಗಡ ಕಟ್ಟಬೇಕು. ಕ್ಷಯ ರೋಗದ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ಮೊದಲ ವರ್ಷದ ಬಾಕಿ ಫೀಸಿನ ಜೊತೆಗೆ ಖರ್ಚಿನ ದುಡ್ಡು ತೋರಿಸಬೇಕು. 2025ರ ನವೆಂಬರ್‌ನಿಂದ ಅದು ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ಹೆಚ್ಚೆಂದರೆ ಒಂಬತ್ತು ತಿಂಗಳ ಲೆಕ್ಕ. ಆ ದುಡ್ಡು ಮಗುವಿನ ಅಥವಾ ಅಪ್ಪ ಅಮ್ಮನ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಭಾವ ಸೈಟಿನ ಪತ್ರ, ಒಡವೆಯ ಲೆಕ್ಕ ಎಲ್ಲ ಹೊಂದಿಸಿಕೊಂಡು ಕೂತಿದ್ದರು. ಅದ್ಯಾವುದೂ ಇಲ್ಲಿ ನಡೆಯುವುದಿಲ್ಲ. ದುಡ್ಡು ಖಾತೆಗೆ ಬಂದದ್ದು ಆಗಸ್ಟ್ 20ಕ್ಕೆ. 28 ದಿನ ತುಂಬುವಾಗ ಸೆಪ್ಟೆಂಬರ್ ನಡು ದಾಟಿತ್ತು. ಅದರ ಮೇಲೆ ವೀಸಾಕ್ಕೆ ಸುಮಾರು ಮೂರು ವಾರ. ಸೇರಲು ಕೊನೆಯ ದಿನ ಅಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾದ ಪತ್ರವಿದ್ದರೆ ಆ 28 ದಿನ ಕಾಯಬೇಕಿರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅದು ಮೊದಲೇ ಗೊತ್ತಿರಬೇಕಾದವಳು ನಾನು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಆ ವರ್ಷ ಅವಳು ತುಮಕೂರಿನಲ್ಲೇ ಬಿಎಸ್ಸಿ ಸೇರಿದಳು. ಮುಂದಿನ ಬೇಸಿಗೆಯಲ್ಲಿ ಬ್ಯಾಂಕಿಗೆ ಹೋಗಿ ಸಾಲದ ಕಾಗದ ಮೊದಲು ಮಾಡಿಸಿದೆವು. ಪಾಸ್‌ಪೋರ್ಟ್, ಅಂಕಪಟ್ಟಿ, ಜನನ ಪತ್ರ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡಳು. ಜುಲೈ ಮೊದಲ ವಾರ, ನಮ್ಮೂರಿನ ಮಧ್ಯಾಹ್ನ ಒಂದು ಗಂಟೆ. ವಿಡಿಯೊ ಕಾಲ್‌ನಲ್ಲಿ ನಾನೂ ಇದ್ದೆ. ಬೇಕಾದರೆ ನಾನು ಮಾತಾಡಲಾ ಎಂದೆ.

"ಬೇಡ ಚಿಕ್ಕಮ್ಮ, ನಾನೇ ಮಾತಾಡ್ತೀನಿ" ಎಂದಳು.

ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದಳು. ಕ್ಯಾಂಪಸ್ ಎಲ್ಲಿ, ಸಿಎಎಸ್ ಎಷ್ಟು ದಿನದಲ್ಲಿ, ರೂಮು ಖಾತರಿಯಾ. ನಾಲ್ಕನೆಯದು ಹಾಸ್ಟೆಲ್ ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರ್ ಇಟ್ಟುಕೊಳ್ಳಬಹುದಾ ಎಂದು. ನಾಲ್ಕನ್ನೂ ಕೇಳಿದಳು.