ಮುಂದಿನ ಚಕ್ರದ ಹಬ್ ಎಲ್ಲಿಗೆ ಬಂತು

ಹಳೇ ಬೈಕಿನ ಮುಂಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ, ಚಕ್ರದ ನಡುವಿನ ಗುಂಬ, ಅಂದರೆ ಹಬ್, ಬೇರೆ ಮಾಡಿದ್ದಾಯಿತು. ಬಿಚ್ಚುವ ಮುಂಚೆ ಎರಡೂ ಬದಿಯ ಫೋಟೊ ತೆಗೆದು, ಹಬ್‌ಗೂ ರಿಮ್‌ಗೂ ಇರುವ ಆಫ್‌ಸೆಟ್ (ಒಂದರಿಂದ ಒಂದು ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು) ಅಳೆದು ಬರೆದಿಟ್ಟಿದ್ದೇನೆ. ಅದಿಲ್ಲದೆ ಮತ್ತೆ ಕಡ್ಡಿ ಹೆಣೆಯಲು ಕೂತರೆ ತಲೆ ಕೆಡುವುದು ಖಂಡಿತ. ಹಬ್ಬಿನಲ್ಲೇ ಇರುವ ಬ್ರೇಕ್ ಡ್ರಮ್ಮಿನೊಳಗಿನ ಕಪ್ಪು ಧೂಳಿಗೆ ಗಾಳಿ ಹೊಡೆಯಲಿಲ್ಲ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಉಸಿರಿಗೆ ಅಪಾಯ; ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹಾಗೇ ಚೀಲಕ್ಕೆ ಹಾಕಿ ಕಟ್ಟಿದೆ.

ಇದು ಎಪ್ಪತ್ತರ ದಶಕದ ಜಪಾನಿ ಬೈಕಿನ ಅಲ್ಯೂಮಿನಿಯಂ ಹಬ್. ಇಂಥದ್ದು ಸಿಕ್ಕರೆ ಹೆಚ್ಚಿನವರು ನೇರ ಬಫಿಂಗ್‌ಗೆ ಕೊಟ್ಟು ಫಳಫಳ ಹೊಳೆಸಿಬಿಡುತ್ತಾರೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಹಬ್ ಕಾರ್ಖಾನೆಯಿಂದ ಹಾಗೆ ಬಂದದ್ದಲ್ಲ, ಅದಕ್ಕೆ ಸಾಕ್ಷಿ ಅದರ ಮೇಲೇ ಇದೆ. ಕಡ್ಡಿಯ ತಲೆ ಕೂತಿದ್ದಲ್ಲಿ, ಬ್ರೇಕ್ ಪ್ಲೇಟಿನ ಅಂಚು ಮುಚ್ಚಿದ್ದಲ್ಲಿ ಬಿಸಿಲು, ನೀರು ತಾಗಿಲ್ಲ. ಅಲ್ಲಿ ಭೂತಗನ್ನಡಿ ಹಿಡಿದರೆ ಫ್ಲಾಂಜಿನ (ಕಡ್ಡಿ ತೂತುಗಳಿರುವ ಅಂಚು) ಮುಖದಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಟೂಲ್ ಬಿಟ್ಟ ಸಣ್ಣ ಸುತ್ತುಗೆರೆಗಳು, ನಡುವಿನ ಮೈಯಲ್ಲಿ ಎರಕದ ತರಿ, ಎರಡರ ಮೇಲೂ ತೆಳ್ಳಗೆ ಕ್ಲಿಯರ್ ಲ್ಯಾಕರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಕಾಣುತ್ತವೆ. ಹೊಳಪು ಇದೆ, ಅರೆಮನಸ್ಸಿನ ಹೊಳಪು. ನನಗೆ ಬೇಕಾದದ್ದು ಅದೇ.

ಉಳಿದೆಡೆ ಲ್ಯಾಕರ್ ಹಳದಿಗಟ್ಟಿ ಸಿಪ್ಪೆ ಏಳುತ್ತಿತ್ತು. ಕಲ್ಲು ಸಿಡಿದು ಚಕ್ಕೆ ಎದ್ದ ಜಾಗಗಳಿಂದ ಹೊರಟು, ಲ್ಯಾಕರ್ ಅಡಿಯಲ್ಲೇ ಬಿಳಿ ಗೆರೆಗಳು ಗೆದ್ದಲು ಹಿಡಿದ ಹಾಗೆ ಅಂಕುಡೊಂಕಾಗಿ ಹರಿದಿದ್ದವು. ತೇವ ಒಳಗೆ ಸೇರಿ ಅಲ್ಯೂಮಿನಿಯಂ ತಿನ್ನುವ ಬಗೆ ಇದು. ಪೇಂಟ್ ರಿಮೂವರ್ ಹಚ್ಚಿ, ನೈಲಾನ್ ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಕಾಸ್ಟಿಕ್ ಸೋಡಾ ಹತ್ತಿರವೂ ತರಲಿಲ್ಲ. ಅದು ಬಣ್ಣದ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಸ್ಟೀಲ್ ವುಲ್ ಕೂಡ ಬೇಡ, ಅದರ ಚೂರು ಮೆದು ಲೋಹದಲ್ಲಿ ಹೂತುಕೊಂಡರೆ ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ.

ಬೇರಿಂಗ್ ತೆಗೆಯಲು ಸುತ್ತಿಗೆಗಿಂತ ಶಾಖ ಮೇಲು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗಿನ ಹೊರವ್ಯಾಸ 47 ಮಿ.ಮೀ. ಇದ್ದು, ಬಿಸಿ 80 ಡಿಗ್ರಿ ಏರಿದರೆ ಹಿಡಿತ ಸುಮಾರು 0.04 ಮಿ.ಮೀ. ಸಡಿಲಾಗುತ್ತದೆ. ಕೇಳಲು ಅತ್ಯಲ್ಪ, ಆದರೆ ಹಬ್ ಓವನ್‌ನಿಂದ ತೆಗೆದು ಹಿಂದಿನಿಂದ ಮೆಲ್ಲಗೆ ತಟ್ಟಿದ್ದಕ್ಕೇ ಬೇರಿಂಗ್ ಜಾರಿ ಬಿತ್ತು.

ನಡುವಿನ ಮೈಗೆ ವೇಪರ್ ಬ್ಲಾಸ್ಟಿಂಗ್ ಮಾಡಿಸಿದೆ. ನೀರಿನ ಜೊತೆ ಗಾಜಿನ ಮಣಿ ಬಡಿಯುವುದರಿಂದ ಕೊಳೆ ಹೋಗುತ್ತದೆ, ತರಿ ಉಳಿಯುತ್ತದೆ. ಒಣ ಮರಳು ಹೊಡೆದಿದ್ದರೆ ಮೈ ಬೂದು ಬಣ್ಣಕ್ಕೆ ತಿರುಗಿ ಒರಟಾಗಿಬಿಡುತ್ತಿತ್ತು. ಬೇರಿಂಗ್ ಕೂರುವ ತೂತುಗಳಿಗೆ ರಬ್ಬರ್ ಬಿರಡೆ, ಡ್ರಮ್ಮಿಗೆ ಮರದ ಮುಚ್ಚಳ ಹಾಕಿಯೇ ಕೊಟ್ಟಿದ್ದೆ.

ಹೆಚ್ಚು ಹೊತ್ತು ತಿಂದದ್ದು ಫ್ಲಾಂಜ್. ಕೈಯಲ್ಲಿ ಅಡ್ಡಾದಿಡ್ಡಿ ಉಜ್ಜಿದರೆ ಸುತ್ತುಗೆರೆಯ ಕಥೆ ಮುಗಿಯಿತು. ಹಬ್ಬನ್ನು ಲೇತ್‌ನಲ್ಲಿ ನಿಧಾನ ತಿರುಗಲು ಬಿಟ್ಟು, ಮರದ ಪಟ್ಟಿಗೆ ಸುತ್ತಿದ 320ರ ವಾಟರ್ ಪೇಪರನ್ನು (ಉಜ್ಜುಕಾಗದ; ಅಂಕಿ ಹೆಚ್ಚಿದಷ್ಟೂ ನಯ) ಸೀಮೆಎಣ್ಣೆಯಲ್ಲಿ ಅದ್ದಿ ಒತ್ತಿದೆ. 400ಕ್ಕೆ ಹೋದಾಗ ಮುಚ್ಚಿಟ್ಟಿದ್ದ ಜಾಗದ ಹಳೇ ಗೆರೆಗೂ ಹೊಸದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೇ ನಿಲ್ಲಿಸಿದೆ, 600 ಹಿಡಿಯುವ ಆಸೆ ತಡೆದುಕೊಂಡು. ಒಂದೆರಡು ಆಳದ ಗುಳಿಗಳು ಉಳಿದಿವೆ. ಅವನ್ನು ಅಳಿಸಲು ಹೋದರೆ ಕಡ್ಡಿ ತೂತಿನ ಅಂಚು ತೆಳುವಾಗುತ್ತದೆ, ಇರಲಿ ಬಿಡಿ.

ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಓವನ್‌ನಲ್ಲಿ ಕರಗಿಸುವುದು) ಮಾಡಿಸು ಎಂದು ಸಲಹೆ ಕೊಟ್ಟವರಿದ್ದಾರೆ. ಅದರ ದಪ್ಪ ಪದರ ತರಿಯನ್ನೂ ಗೆರೆಯನ್ನೂ ಮುಳುಗಿಸುತ್ತದೆ. ಮೇಲಾಗಿ 200 ಡಿಗ್ರಿಯ ಆಸುಪಾಸಿನ ಓವನ್‌ಗೆ ಡ್ರಮ್ಮಿನೊಳಗೆ ಎರಕದ ಕಬ್ಬಿಣದ ಲೈನರ್ (ಒಳಬಳೆ) ಇರುವ ಹಬ್ ತಳ್ಳಲು ನನಗೆ ಧೈರ್ಯವಿಲ್ಲ. ಅರೆಹೊಳಪಿನ ಟೂ-ಕೆ ಲ್ಯಾಕರ್ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವಂಥದ್ದು) ತೆಳ್ಳಗೆ ಹೊಡೆಯುವುದೆಂದು ತೀರ್ಮಾನಿಸಿದ್ದೇನೆ. ಅದರಲ್ಲಿ ಉಸಿರಿಗೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಸಾದಾ ಮಾಸ್ಕ್ ಸಾಲದು, ಹೊರಗಿನ ಗಾಳಿ ಒದಗಿಸುವ ಮಾಸ್ಕೇ ಬೇಕು. ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳ ಗುರುತು ಲ್ಯಾಕರ್ ಅಡಿ ಹಾಗೇ ಉಳಿಯುತ್ತದೆ.

ಡ್ರಮ್ಮಿನ ಒಳವ್ಯಾಸ ಅಳೆದಾಗ 180.3 ಮಿ.ಮೀ. ಬಂತು, ಸವೆತದ ಮಿತಿ 181. ತುಸು ಅಂಡಾಕಾರವಾಗಿದೆ, ಲೇತ್‌ನಲ್ಲಿ ಒಂದು ಸವರು ಬೇಕು. ಆದರೆ ಈಗಲ್ಲ: ಕಡ್ಡಿ ಬಿಗಿದಾಗ ಆ ಎಳೆತಕ್ಕೆ ಡ್ರಮ್ ಕೂದಲೆಳೆಯಷ್ಟು ಆಕಾರ ಬದಲಿಸುತ್ತದೆ. ಮೊದಲು ಲ್ಯಾಕರ್, ಆಮೇಲೆ ಕಡ್ಡಿ ಹೆಣೆದು ಚಕ್ರ ನೇರ ಮಾಡುವುದು, ಕೊನೆಗೆ ರಿಮ್ ಸಮೇತ ಡ್ರಮ್ ಸವರುವುದು. ಅಷ್ಟಗಲ ಹಿಡಿಸುವ ಲೇತ್ ಹುಡುಕುತ್ತಿದ್ದೇನೆ.