ಬೋವೇ ಕಟ್ಟಿದವರ ಹಟ

ಫ್ರಾನ್ಸಿನ ಬೋವೇ ಕೆಥೆಡ್ರಲ್‌ನ ಚಿತ್ರಗಳನ್ನು ನೋಡುತ್ತ ಕುಳಿತಿದ್ದೇನೆ. ಮಾಡಬೇಕಾದ ಕೆಲಸವೆಲ್ಲ ಹಾಗೆಯೇ ಬಿದ್ದಿದೆ. 1225ರಲ್ಲಿ ಕಟ್ಟಲು ಹೊರಟವರಿಗೆ ಒಂದೇ ಹಟ: ಎಲ್ಲರಿಗಿಂತ ಎತ್ತರ. ಪೂಜಾವೇದಿಕೆಯ ಮೇಲಿನ ಕಲ್ಲಿನ ಕಮಾನು ಚಾವಣಿ ಸುಮಾರು 48 ಮೀಟರಿಗೆ ಏರಿತು. ಚೂಪು ಕಮಾನುಗಳ ಗಾತಿಕ್ ಶೈಲಿಯ ಚರ್ಚುಗಳಲ್ಲಿ ಅದನ್ನು ಮೀರಿಸಿದ ಚಾವಣಿ ಇನ್ನೊಂದಿಲ್ಲ. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಬುದ್ಧಿ ಬಂದಿತೇ? ಎರಡೆರಡು ಕಂಬಗಳ ನಡುವೆ ಇನ್ನೊಂದನ್ನು ತುರುಕಿ ಅದೇ ಎತ್ತರಕ್ಕೆ ಮತ್ತೆ ಕಟ್ಟಿದರು! ಚಿತ್ರವನ್ನು ಹಿಗ್ಗಿಸಿ ನೋಡಿದರೆ ಹಳೆಯ ಅಗಲ ಕಮಾನಿನ ಗೆರೆ, ಅದರೊಳಗೆ ಇಕ್ಕಟ್ಟಾಗಿ ನಿಂತ ಎರಡು ಚೂಪು ಕಮಾನುಗಳು ಕಾಣುತ್ತವೆ. ತೇಪೆಯೇ ಹೌದು, ಆದರೆ ಎಂಥ ತೇಪೆ!

1569ರಲ್ಲಿ 153 ಮೀಟರಿನ ಗೋಪುರ ಎಬ್ಬಿಸಿದರು. ಅದಕ್ಕೆ ಪಶ್ಚಿಮದಿಂದ ಆಸರೆಯಾಗಬೇಕಿದ್ದ ಸಭಾಂಗಣವನ್ನೇ ಇನ್ನೂ ಕಟ್ಟಿರಲಿಲ್ಲ. 1573ರಲ್ಲಿ ಗೋಪುರ ನೆಲಕ್ಕುರುಳಿತು. ಸಭಾಂಗಣ ಇವತ್ತಿಗೂ ಇಲ್ಲ. ಅದು ಬರಬೇಕಿದ್ದ ಜಾಗದಲ್ಲಿ ಹತ್ತನೆಯ ಶತಮಾನದ ಹಳೆಯ ಚರ್ಚಿನ ಒಂದು ತುಂಡು, ಎಂದೋ ನೆಲಸಮವಾಗಬೇಕಿದ್ದದ್ದು, ಗಟ್ಟಿಯಾಗಿ ನಿಂತಿದೆ. ದೊಡ್ಡದರ ಮೇಲೆ ಬೆರಗು ಇದ್ದೇ ಇದೆ. ಅಕ್ಕರೆ ಮಾತ್ರ ನನಗೆ ಈ ಚಿಕ್ಕದರ ಮೇಲೆಯೇ.